ಮಾವನ ಫೋಟೊ, ಅತ್ತೆಯ ಪ್ರಿಂಟರು

ನಮ್ಮ ವಂಶದಲ್ಲಿ ಯಾರಿಗೂ ಯಾವ ಚಟವೂ ಇಲ್ಲ ಎಂದು, ನನಗೆ ಹೆಣ್ಣು ಕೊಡಲು ಬಂದವರ ಮುಂದೆ ನಮ್ಮಪ್ಪ ಎದೆ ತಟ್ಟಿಕೊಂಡು ಹೇಳಿದ್ದರು. ಅದು ಹಸಿ ಸುಳ್ಳು. ಅವರ ಒಡಹುಟ್ಟಿದ ತಂಗಿಗೇ, ಅಂದರೆ ನನ್ನ ಸೋದರತ್ತೆಗೇ, ಬಿಡಿಸಲಾಗದ ಒಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ, ಎಲೆ ಅಡಿಕೆಯೂ ಅಲ್ಲ. ಅವಾಗಿದ್ದರೆ ಯಾವುದಾದರೂ ದೇವರಿಗೆ ಹರಕೆ ಹೊತ್ತು ಬಿಡಿಸಬಹುದಿತ್ತು. ನಮ್ಮತ್ತೆಯ ಚಟದ ಹೆಸರು ಲಿನಕ್ಸ್! ಇದಕ್ಕೆ ಯಾವ ದೇವರಿಗೆ ಹರಕೆ ಹೊರಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಹೊಳವನಹಳ್ಳಿಯಲ್ಲಿರುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನೂ ಅವರ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಓದಿದವನು. ಕೆಲಸದಲ್ಲಿದ್ದಾಗ ಒಮ್ಮೆ ಮೇಷ್ಟ್ರುಗಳಿಗೆಲ್ಲ ಕಂಪ್ಯೂಟರ್ ತರಬೇತಿ ಕೊಟ್ಟರಂತೆ. ಅಲ್ಲಿ ಪಾಠ ಮಾಡಿದವರು, ಕಂಪ್ಯೂಟರನ್ನು ನಡೆಸಲು ಈ ಲಿನಕ್ಸ್ ಸಾಕು, ಇದು ಯಾರ ಸ್ವತ್ತೂ ಅಲ್ಲ, ಬೇಕಾದವರು ತೆಗೆದುಕೊಳ್ಳಿ, ಬಿಚ್ಚಿ ನೋಡಿ, ಪಕ್ಕದವರಿಗೂ ಹಂಚಿ ಎಂದರಂತೆ. ಉಳಿದ ಮೇಷ್ಟ್ರುಗಳು ಊಟದ ಹೊತ್ತಿಗೆ ಅದನ್ನು ಮರೆತರು. ನಮ್ಮತ್ತೆ ಮಾತ್ರ ದೀಕ್ಷೆ ತೆಗೆದುಕೊಂಡು ಮನೆಗೆ ಬಂದರು. ಎಲ್ಲರ ಕಂಪ್ಯೂಟರಿನಲ್ಲೂ ಇರುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಆ ಇನ್ನೊಂದನ್ನು ಯಾರಾದರೂ ಪುಕ್ಕಟೆ ಹಾಕಿಕೊಡುತ್ತೇನೆಂದರೆ, "ಕದ್ದ ಮಾಲು ನಮ್ಮ ಹೊಸ್ಲು ದಾಟಂಗಿಲ್ಲ" ಅನ್ನುತ್ತಾರೆ. ಕಂಡಕ್ಟರ್ ಟಿಕೆಟ್ ಕೊಡಲು ಮರೆತನೆಂದು ತಾವೇ ಶಿಳ್ಳೆ ಹಾಕಿ ಬಸ್ ನಿಲ್ಲಿಸಿದ ಹೆಂಗಸು ಇವರು. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೆ?

ಇನ್ನು ನಾನು. ಮಧುಗಿರಿಯಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತ. ಗಾಬರಿ ನನ್ನ ಹುಟ್ಟುಗುಣ. ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಗಾಬರಿ, ಬಾರದಿದ್ದರೆ ಎಲ್ಲರೂ ಸೇರಿ ಏನನ್ನು ಮುಚ್ಚಿಡುತ್ತಿದ್ದಾರೋ ಎಂದು ಗಾಬರಿ. ಕಂಪ್ಯೂಟರಿನ ವಿಷಯದಲ್ಲಿ ನನಗೆ ಬರುವ ವಿದ್ಯೆ ಆಫ್ ಮಾಡಿ ಆನ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಬೇರೆಯವರನ್ನು ಕರೆಯುವುದು. ಆದರೂ ಊರವರನ್ನೆಲ್ಲ ಬಿಟ್ಟು ಅತ್ತೆ ನನ್ನನ್ನೇ ಕರೆದರು. ಯಾಕೆಂದರೆ ಅವರ ಬಾಯಿಗೆ ಹೆದರಿ ಹೇಳಿದ ಕೂಡಲೇ ಓಡಿಬರುವವನು ನಮ್ಮ ವಂಶದಲ್ಲಿ ನಾನೊಬ್ಬನೇ.

"ಲೇ, ಮಾಲಯ ಅಮಾಸೆ ಹತ್ರ ಬಂತು. ನಿಮ್ಮಾವನ ಫೋಟೊ ಆಗ್ಬೇಕು ಕಣ್ಲಾ," ಅಂದರು ಫೋನಿನಲ್ಲಿ.

ಮಾವ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ಮಾವ ಅಂದರೆ ಅತ್ತೆಯ ಗಂಡ, ಸುತ್ತಲ ಹಳ್ಳಿಗಳಿಗೆಲ್ಲ ಕರೆಂಟಿನ ಲೈನ್‌ಮನ್. ಗಾಳಿ ಬೀಸಿ ತಂತಿ ಹರಿದರೆ ಜನ ದೇವರನ್ನು ನೆನೆಯುವ ಮೊದಲು ಮಾವನಿಗೆ ಫೋನು ಮಾಡುತ್ತಿದ್ದರು. ಖಾಕಿ ಅಂಗಿ, ಹೆಗಲಿಗೊಂದು ಹಗ್ಗ, ಸೊಂಟದಲ್ಲಿ ಕಟಿಂಗ್ ಪ್ಲೇಯರ್. ಯಾವತ್ತು ಕಂಬದ ಮೇಲಿಂದ ಸುದ್ದಿ ಬರುತ್ತದೋ ಎಂದು ನಾವೆಲ್ಲ ಹೆದರಿಕೊಂಡಿದ್ದರೆ, ಅವರು ಒಂದು ಬೆಳಗ್ಗೆ ಮಂಚದ ಮೇಲೆ ಮಲಗಿದ್ದವರು ಏಳಲಿಲ್ಲ. ನಮ್ಮ ಕಡೆ ಹೊಸದಾಗಿ ಹೋದವರನ್ನು ಈ ಅಮಾವಾಸ್ಯೆಯ ದಿನ ಹಿರಿಯರ ಸಾಲಿಗೆ ಸೇರಿಸುತ್ತೇವೆ. ಗೋಡೆಗೆ ಅವರ ಫೋಟೊ ಒರಗಿಸಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ಮಾವನದೋ ಹಾಗೆ ಒರಗಿಸುವಂಥ ಒಂದೂ ಫೋಟೊ ಇಲ್ಲ. ಯಾರ ಮದುವೆಗೆ ಹೋದರೂ ಫೋಟೊ ತೆಗೆಯುವ ಹೊತ್ತಿಗೆ ಅವರು ಪೆಂಡಾಲಿನ ಹಿಂದೆ ಸೀರಿಯಲ್ ಸೆಟ್ಟಿನ ವಯರು ಹಿಡಿದುಕೊಂಡು ನಿಂತಿರುತ್ತಿದ್ದರು.

ಸರಿಯಾದ ಚಿತ್ರ ಇದ್ದದ್ದು ಒಂದೇ, ಅದೂ ಅತ್ತೆಯ ಬೀಳ್ಕೊಡುಗೆಯ ದಿನ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಸನ್ಮಾನಕ್ಕೆಂದು ಹಾಕಿದ ಕುರ್ಚಿಯಲ್ಲಿ ಅತ್ತೆ ಮಾವನನ್ನು ಕೂರಿಸಿ ತಾವು ಪಕ್ಕದಲ್ಲಿ ನಿಂತಿದ್ದರು. ಸನ್ಮಾನ ಯಾರಿಗೆ ಎಂದು ಕೊನೆವರೆಗೂ ಗೊತ್ತಾಗದೆ ಮುಖ್ಯ ಅತಿಥಿ ಶಾಲನ್ನು ಮಾವನಿಗೇ ಹೊದಿಸಿದ್ದರಂತೆ!

"ಸ್ಟುಡಿಯೋಗೆ ಕೊಟ್ರೆ ಸಂಜೇಗೆ ಕೊಡ್ತಾರಲ್ಲ ಅತ್ತೆ," ಅಂದೆ.

"ಕೊರಟಗೆರೇಲಿ ಕೊಟ್ಟಿದ್ದೆ. ಕೋಟು ಹಾಕ್ತೀನಿ ಅಂದ."

ಇದು ನಿಜ. ನಮ್ಮ ಕಡೆ ಬದುಕಿದ್ದಾಗ ಬನಿಯನ್ನಿನ ಮೇಲೆ ಟವಲು ಬಿಟ್ಟು ಇನ್ನೇನೂ ಹಾಕದವರಿಗೂ ಸತ್ತ ಮೇಲೆ ಸ್ಟುಡಿಯೋದವರು ಕೋಟು, ಟೈ ಹಾಕುತ್ತಾರೆ. ಹಿಂದೆ ನೀಲಿ ಆಕಾಶ. ತಲೆ ಮಾತ್ರ ಬೇರೆ ಬೇರೆ, ಕೋಟು ಒಂದೇ. ಊರಿನ ಎಷ್ಟೋ ಜನ ಆ ಒಂದೇ ಕೋಟಿನಲ್ಲಿ ಗೋಡೆ ಸೇರಿದ್ದಾರೆ.

"ಕೋಟು ಬ್ಯಾಡ ಅಂದ್ರಾಯ್ತಲ್ಲ?"

"ಬ್ಯಾಡ ಅಂದೆ. ಇನ್ನೂ ಏನೇನೋ ಅಂದ. ಬ್ಯಾಡ ಬುಡು ಅಂತ ಎದ್ದು ಬಂದ್ಬುಟ್ಟೆ. ನಾನೇ ಪ್ರಿಂಟ್ ಮಾಡ್ಕಂತೀನಿ. ಪ್ರಿಂಟರ್ ತಗಳಾನ, ಬಾ."

ಹೀಗೆ ಶುರುವಾಯಿತು ನಮ್ಮ ದಿಗ್ವಿಜಯ. ಕೊರಟಗೆರೆಯ ಅಂಗಡಿಯಲ್ಲಿ, "ಇದು ಲಿನಕ್ಸಲ್ಲಿ ನಡೀತದಾ?" ಎಂದು ಅತ್ತೆ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡಿದ. ಮಧುಗಿರಿಯಲ್ಲಿ ಕೇಳಿದರೆ, ಅವನು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಕೊನೆಗೆ ಶಿರಾದಲ್ಲಿ ಒಬ್ಬ ಸಾಹೇಬರು ಮಾತ್ರ ತಾಳ್ಮೆಯಿಂದ ಕೇಳಿಸಿಕೊಂಡರು.

"ಲಿನಕ್ಸಾ? ಅದು ಯಾವ ಕಂಪ್ನೀದು ಮೇಡಂ?"

"ಯಾವ ಕಂಪ್ನೀದೂ ಅಲ್ಲಪ್ಪ. ಎಲ್ರುದು."

"ಎಲ್ರುದು ಅಂದ್ರೆ ಯಾರ್ದೂ ಅಲ್ಲ ಅಂತ ಅಲ್ವಾ ಮೇಡಂ? ನಾಳೆ ಖರಾಬ್ ಆದ್ರೆ ಯಾರ್ನ ಬಯ್ಯೋದು?"

ಅತ್ತೆ ನಕ್ಕು ಪ್ರಿಂಟರನ್ನು ನನ್ನ ತಲೆಯ ಮೇಲೆ ಹೊರಿಸಿದರು. ಆದರೆ ಸಾಹೇಬರ ಪ್ರಶ್ನೆ ಬಹಳ ಅರ್ಥವತ್ತಾದದ್ದು. ಮುಂದಿನ ದಿನಗಳಲ್ಲಿ ಬಯ್ಯಲು ಬೇರೆ ಯಾರೂ ಸಿಗದೆ ಆ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

ಪ್ರಿಂಟರನ್ನು ನಡುಮನೆಯ ಮೇಜಿನ ಮೇಲೆ ಕೂರಿಸಿದೆವು. ಆ ಮನೆಯಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುವ ಪ್ಲಗ್ಗು ಇರುವುದು ಅಲ್ಲೊಂದೇ. ಎಲ್ಲರ ಮನೆಯ ಕರೆಂಟು ಸರಿಮಾಡಿದ ಮಾವ ಸ್ವಂತ ಮನೆಯ ಪ್ಲಗ್ಗುಗಳನ್ನು ನಾಳೆ ನೋಡೋಣ ಅನ್ನುತ್ತಲೇ ಹೋದರು. ಸ್ವಿಚ್ಚು ಹಾಕಿದ ಕೂಡಲೇ ಪ್ರಿಂಟರು ಗರ್ರ್ ಎಂದು ಗಂಟಲು ಸರಿಮಾಡಿಕೊಂಡಿತು. ಕರೆಂಟು ಹೋಗಿ ಬಂದಾಗಲೆಲ್ಲ ತಾನೇ ಎದ್ದು ಹೀಗೆ ಗಂಟಲು ಸರಿಮಾಡಿಕೊಳ್ಳುವ ಜಾತಿ ಅದು. ಹಾಗೆ ಮಾಡಿದಾಗಲೆಲ್ಲ ಅದು ಒಂದಿಷ್ಟು ಇಂಕು ಕುಡಿಯುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ನಮ್ಮ ಕಡೆಯ ಕರೆಂಟಿನ ಹಣೆಬರಹ ಗೊತ್ತಲ್ಲ? ಮಾವನ ಫೋಟೊ ಬರುವುದರೊಳಗೆ ಇದು ಗಂಟಲು ಸರಿಮಾಡಿಕೊಂಡೇ ಇಂಕನ್ನೆಲ್ಲ ಮುಗಿಸಿದರೆ?

ಅತ್ತೆ ಲ್ಯಾಪ್‌ಟಾಪ್ ತೆರೆದು ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಏನೋ ಬರೆದರು. ನಿಮಗೆ ಅನುಮತಿ ಇಲ್ಲ ಎಂದು ಉತ್ತರ ಬಂತು.

"ನಮ್ಮನೆ ಪ್ರಿಂಟರ್ ಮುಟ್ಟಕ್ಕೆ ನಮಗೇ ಅನುಮತಿ ಇಲ್ವಾ?" ಅಂದೆ.

"ಇಲ್ಲ ಕಣ್ಲಾ. ಪ್ರಿಂಟರ್ ನೋಡ್ಕಳೋರ ಗುಂಪು ಅಂತ ಒಂದೈತೆ. ನಾನು ಅದ್ರಾಗೆ ಸೇರ್ಕಬೇಕು."

"ಸೇರ್ಸೋರು ಯಾರು?"

"ನಾನೇ."

ಅತ್ತೆ ಅತ್ತೆಗೆ ಅರ್ಜಿ ಹಾಕಿ, ಅತ್ತೆಯೇ ಮಂಜೂರು ಮಾಡಿ, ಅತ್ತೆ ಗುಂಪು ಸೇರಿದರು. ನಮ್ಮ ಕಚೇರಿಯಲ್ಲೂ ಹೀಗಿದ್ದಿದ್ದರೆ ಜನ ನಮ್ಮನ್ನು ಎಷ್ಟು ಹರಸುತ್ತಿದ್ದರೋ!

ಆಮೇಲೆ ಒಂದು ಪುಟ ತೆರೆಯಿತು. ಅದು ಇಂಟರ್ನೆಟ್ಟಿನದಲ್ಲ, ಕಂಪ್ಯೂಟರು ತನ್ನೊಳಗೇ ಇಟ್ಟುಕೊಂಡಿರುವ ಪುಟವಂತೆ. ಅದರಲ್ಲಿ ಪ್ರಪಂಚದ ಪ್ರಿಂಟರುಗಳ ಹೆಸರೆಲ್ಲ ಉದ್ದಕ್ಕೆ ಇದ್ದವು, ನಮ್ಮದೊಂದನ್ನು ಬಿಟ್ಟು. ಕಂಪ್ಯೂಟರಿನ ಮಾತನ್ನು ಪ್ರಿಂಟರಿಗೆ ಮುಟ್ಟಿಸಲು ನಡುವೆ ಒಬ್ಬ ದುಭಾಷಿ ಬೇಕಂತೆ, ಆ ದುಭಾಷಿಯೇ ಇರಲಿಲ್ಲ. ನಾನು ಅಂಗಡಿಯ ರಸೀದಿ ಹುಡುಕತೊಡಗಿದೆ.

"ಹೆದರ್ಕಬ್ಯಾಡ. ನಮ್ದು ಇಲ್ದಿದ್ರೂ ಇದ್ರ ದಾಯಾದಿ ಹೆಸ್ರು ಐತೆ, ನೋಡು. ಒಂದೇ ಮನೆತನ. ಮಾತು ತಿಳೀತದೆ," ಎಂದು ಅತ್ತೆ ದಾಯಾದಿಯ ದುಭಾಷಿಯನ್ನು ಕೂರಿಸಿ ಒಂದು ಪುಟ ಕಳಿಸಿದರು. ದಾಯಾದಿಗಳಿಂದ ಯಾರಿಗೆ ಒಳ್ಳೆಯದಾಗಿದೆ? ಪ್ರಿಂಟರು ಹಾಳೆಯ ತಲೆಯಲ್ಲಿ ಅರ್ಥವಿಲ್ಲದ ಒಂದು ಸಾಲು ಬರೆದು ಆಚೆ ಎಸೆಯಿತು. ಇನ್ನೊಂದು ಹಾಳೆ, ಇನ್ನೊಂದು ಸಾಲು. ಮತ್ತೊಂದು ಹಾಳೆ, ಮತ್ತೊಂದು ಸಾಲು. ನಿಲ್ಲಿಸಿ ನಿಲ್ಲಿಸಿ ಎಂದು ನಾನು ಕೂಗುತ್ತಲೇ ಇದ್ದೆ. ಅತ್ತೆ ಪರದೆಯ ಮೇಲೆ ನಿಲ್ಲಿಸುವ ಗುಂಡಿ ಹುಡುಕುತ್ತಲೇ ಇದ್ದರು. ಕೊನೆಗೆ ನಾನು ಪ್ಲಗ್ಗು ಕಿತ್ತೆ. ಸಾಮಾನು ಜೋಡಿಸುವ ಸಂಭ್ರಮದಲ್ಲಿ ಫೋಟೊ ಹಾಳೆಗಳನ್ನೂ ಅದರ ತಟ್ಟೆಗೆ ನಾನೇ ತುಂಬಿದ್ದೆ. ಪ್ರಿಂಟರಿನ ಜೊತೆ ಬಂದಿದ್ದ ಆ ಚಿಕ್ಕ ಕಟ್ಟಿನಲ್ಲಿ ಉಳಿದದ್ದು ಒಂದೇ ಹಾಳೆ.

"ಒಂದು ಸಾಕು. ನಿಮ್ಮಾವ ಒಬ್ರೆ ಅಲ್ವಾ?" ಅಂದರು ಅತ್ತೆ. ಅಂಥ ಹಾಳೆ ಹೊಳವನಹಳ್ಳಿಯಲ್ಲಿ ಸಿಗುವುದಿಲ್ಲ, ಮಧುಗಿರಿಯಲ್ಲಿ ಹುಡುಕಿದರೂ ಸಿಗಲಿಲ್ಲ. ಮತ್ತೊಂದು ತರಲು ಶಿರಾಕ್ಕೆ ಹೋಗುವಷ್ಟು ರಜೆಯೂ ನನಗೆ ಉಳಿದಿರಲಿಲ್ಲ. ಆ ಹಾಳೆಯನ್ನು ನಾನು ದೇವರ ಗೂಡಿನಲ್ಲಿ ಎತ್ತಿಟ್ಟೆ.

ಹಬ್ಬ ಹತ್ತಿರ ಬಂತು. ಕಚೇರಿಯಲ್ಲಿ ಕೂತರೂ ಫೋಟೊದ್ದೇ ಯೋಚನೆ. ಪಾವಗಡದ ಕಡೆ ರಾಯಚರ್ಲುವಿನಿಂದ ಮಾವನ ಅಣ್ಣ ಬರುತ್ತಾರೆ. ಅವರನ್ನು ನಾವು ದೊಡ್ಡಮಾವ ಅನ್ನುತ್ತೇವೆ. ಗಡಿಯ ಊರಿನವರಾದ್ದರಿಂದ ಮಾತಿನಲ್ಲಿ ಅರ್ಧ ತೆಲುಗು. ಹಿರಿಯರ ಹಬ್ಬದ ಕಟ್ಟುಪಾಡಿನಲ್ಲಿ ಕೂದಲು ಸೀಳುವವರು. ಫೋಟೊ ಇಲ್ಲದೆ ಎಡೆ ಇಟ್ಟರೆ, ಯಾರದೋ ಹೆಸರಿನ ಊಟ ಯಾರೋ ಉಂಡು ಹೋಗುತ್ತಾರೆ ಅನ್ನುವವರು. ಅವರ ಮುಂದೆ ಬರೀ ಗೋಡೆಗೆ ಕೈಮುಗಿದು ನಿಲ್ಲುವುದು ಹೇಗೆ?

ಇದರ ಜೊತೆಗೆ ನನ್ನನ್ನು ಕಾಡಿದ್ದು ಆ ಚಿತ್ರ. ಅತ್ತೆ ತಮ್ಮನ್ನು ಕತ್ತರಿಸಿ ತೆಗೆದು ಮಾವನೊಬ್ಬರನ್ನೇ ಉಳಿಸಿಕೊಂಡಿದ್ದರು. ಆದರೆ ಕತ್ತರಿಸುವುದು ಸರಿಯಾಗಿ ಬಂದಿರಲಿಲ್ಲವೆಂದು ಕಾಣುತ್ತದೆ. ಮಾವನ ಭುಜದ ಮೇಲೆ ಹಸಿರು ಬಳೆಯ ಒಂದು ಕೈ ಉಳಿದುಬಿಟ್ಟಿತ್ತು. ಬದುಕಿರುವವರ ಫೋಟೊ ಎಡೆಯ ಮುಂದೆ ಇಡಬಾರದು, ಅದು ಮಗುವಿಗೂ ಗೊತ್ತಿರುವ ಮಾತು. ಒಂದು ಕೈ ಇದ್ದರೆ? ಅಷ್ಟೂ ಕೆಡುಕು ಬರುತ್ತದೋ, ಅದರಲ್ಲಿ ಕೈಯಷ್ಟು ಕೆಡುಕು ಮಾತ್ರವೋ? ನಾನು ಯಾರನ್ನು ಕೇಳಲಿ?

"ಅತ್ತೆ, ಈ ಕೈ ತೆಗೀಬೇಕಲ್ಲ," ಅಂದೆ.

"ಮೊದ್ಲು ಪ್ರಿಂಟ್ ಬರ್ಲಿ ಬುಡ್ಲಾ," ಎಂದು ಮಾತು ಹಾರಿಸಿದರು.

ಕೊನೆಗೂ ಎಲ್ಲೋ ದೂರದೇಶದಲ್ಲಿ ಇದೇ ಪ್ರಿಂಟರು ಕೊಂಡು ಇದೇ ಪಾಡು ಪಟ್ಟ ಪುಣ್ಯಾತ್ಮನೊಬ್ಬ ಬರೆದಿಟ್ಟ ದಾರಿ ಅತ್ತೆಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಸರಿಯಾದ ದುಭಾಷಿ ಬಂದ. ಸಾಧಾರಣ ಹಾಳೆಯ ಮೇಲೆ ಪರೀಕ್ಷೆಯ ಪುಟ ಕಳಿಸಿದೆವು. ಬಣ್ಣಬಣ್ಣದ ಪಟ್ಟಿಗಳು, ಅಂಚಿನ ಗೆರೆ, ಎಲ್ಲ ಅಚ್ಚುಕಟ್ಟಾಗಿ ಬಂತು. ಅತ್ತೆ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಉತ್ತರ ಪತ್ರಿಕೆ ತಿದ್ದುವಾಗಿನ ಗತ್ತಿನಲ್ಲಿ ನೋಡಿ, "ಪಾಸ್" ಅಂದರು. ನನಗೆ ಕುಣಿಯುವಂತಾಯಿತು. ಈಗಲೇ ಫೋಟೊ ಹಾಕಿಬಿಡೋಣ ಅಂದೆ.

"ತಡಿ. ಮೊದ್ಲು ಪೂಜೆ."

"ಪೂಜೆ ತಂದ ದಿನಾನೇ ಮಾಡ್ಬೇಕಿತ್ತಲ್ಲ ಅತ್ತೆ?"

"ಕೆಲ್ಸ ಮಾಡಕ್ಕೆ ಮುಂಚೆ ಪೂಜೆ ಮಾಡಿದ್ರೆ ಅದು ಲಂಚ. ಮಾಡಿದ್ಮೇಲೆ ಮಾಡಿದ್ರೆ ಮರ್ಯಾದೆ."

ಅರಿಶಿನ, ಕುಂಕುಮ, ಊದುಬತ್ತಿ ಎಲ್ಲ ಆಯಿತು. ಅತ್ತೆ ಒಂದು ಹಿಡಿ ಅಕ್ಷತೆ ತೆಗೆದು ಪ್ರಿಂಟರಿನ ನೆತ್ತಿಗೆ ಹಾಕಿ, ನೂರ್ಕಾಲ ಬಾಳು ಎಂದು ಹರಸಿದರು. ನಾನೂ ಇನ್ನೊಂದು ಹಿಡಿ ಹಾಕಿದೆ. ಅಷ್ಟರಲ್ಲಿ ನನಗೆ ಕೊನೆಯ ಬಸ್ಸಿನ ಹೊತ್ತಾಗಿ, ಫೋಟೊ ನಾಳೆ ನೀವೇ ಹಾಕಿಕೊಳ್ಳಿ ಎಂದು ಹೇಳಿ ನೆಮ್ಮದಿಯಿಂದ ಮಧುಗಿರಿಗೆ ಬಂದೆ.

ಮಾರನೆಯ ದಿನ ಫೋನು. "ಲೇ, ಕೆಂಪು ದೀಪ ಮಿಣಿಮಿಣಿ ಅಂತೈತೆ. ಹಾಳೆನೇ ಒಳಕ್ಕೆ ಎಳ್ಕಂತಿಲ್ಲ."

ನಿನ್ನೆ ನಡೆದದ್ದು ಇವತ್ತು ನಡೆಯದಿದ್ದರೆ ಮನುಷ್ಯ ಯಾರನ್ನು ಅನುಮಾನಿಸುತ್ತಾನೆ? ನಾನು ಲಿನಕ್ಸನ್ನು ಅನುಮಾನಿಸಿದೆ. ಅತ್ತೆ ನನ್ನನ್ನು ಅನುಮಾನಿಸಿದರು. ಫೋನಿನಲ್ಲೇ ಜಗಳವಾಯಿತು. ಅತ್ತೆ ದುಭಾಷಿಯನ್ನು ತೆಗೆದು ಮತ್ತೆ ಹಾಕಿದರು. ಗುಂಪು ಬಿಟ್ಟು ಮತ್ತೆ ಸೇರಿದರು. ಕೇಬಲ್ಲು ತಿರುಗಿಸಿ ಚುಚ್ಚಿದರು. ಕೆಂಪು ದೀಪ ಹೋಗಲಿಲ್ಲ. ಅಮಾವಾಸ್ಯೆಯ ಹಿಂದಿನ ಸಂಜೆ ನಾನು ಹೋಗಿ ನೋಡಿದರೂ ಅದೇ ಕತೆ. "ನಾಳೆ ಭಾವನ ಮುಂದೆ ಹೆಂಗ್ಲಾ?" ಎಂದು ಅತ್ತೆ ಮೊದಲ ಸಲ ಮೆತ್ತಗಿನ ದನಿಯಲ್ಲಿ ಕೇಳಿದರು. ಜೋರು ಬಾಯಿಯ ಅತ್ತೆಗೆ ಹೆದರುವ ಅಭ್ಯಾಸ ನನಗಿತ್ತು. ಮೆತ್ತಗಾದ ಅತ್ತೆಯನ್ನು ಕಂಡು ಇನ್ನೂ ಹೆಚ್ಚು ಹೆದರಿಕೆಯಾಯಿತು.

ಅಮಾವಾಸ್ಯೆಯ ಬೆಳಗ್ಗೆ ಅಡುಗೆಮನೆಯಲ್ಲಿ ಒಬ್ಬಟ್ಟು ಬೇಯುತ್ತಿತ್ತು. ಎಡೆಗೆ ಜಾಗ ಬೇಕೆಂದು ನಾನು ಮೇಜನ್ನು ಗೋಡೆಯ ಪಕ್ಕಕ್ಕೆ ಸರಿಸಲು ಹೋಗಿ, ಪ್ರಿಂಟರನ್ನು ಎರಡೂ ಕೈಯಲ್ಲಿ ಎತ್ತಿ ಕೊಂಚ ವಾಲಿಸಿದೆ. ಒಳಗಿಂದ ಸರಸರ ಸದ್ದು. ಇನ್ನಷ್ಟು ವಾಲಿಸಿದೆ. ಹಾಳೆ ಎಳೆದುಕೊಳ್ಳುವ ಸಂದಿಯಿಂದ ಹಳದಿ ಅಕ್ಕಿಕಾಳು ಪಟಪಟನೆ ನನ್ನ ಕಾಲ ಮೇಲೆ ಉದುರಿದವು.

ಅಕ್ಷತೆ! ನಾವೇ ಹರಸಿ ಹಾಕಿದ ಅಕ್ಷತೆ. ನೂರ್ಕಾಲ ಬಾಳೆಂದು ಹರಸಿ ಒಂದು ದಿನವೂ ಬಾಳದ ಹಾಗೆ ಮಾಡಿದ್ದೆವು. ಅತ್ತೆ ಸೌಟು ಹಿಡಿದುಕೊಂಡೇ ಓಡಿಬಂದು, ತಲೆಯ ಹೇರ್‌ಪಿನ್ನು ತೆಗೆದು, ಉರುಳೆಗೆ ಸಿಕ್ಕಿಕೊಂಡಿದ್ದ ಕೊನೆಯ ಕಾಳುಗಳನ್ನು ಕೆದಕಿ ತೆಗೆದರು. ಕೆಂಪು ದೀಪ ಹೋಗಿ ಹಸಿರು ಬಂತು. ದೇವರ ಗೂಡಿನಿಂದ ಆ ಒಂದೇ ಹಾಳೆ ತಂದು ತಟ್ಟೆಗೆ ಇಟ್ಟೆ. ಹೊಳೆಯುವ ಬದಿ ಯಾವುದೆಂದು ಮತ್ತೆ ಮತ್ತೆ ನೋಡಿದೆ. ಅತ್ತೆ ಲ್ಯಾಪ್‌ಟಾಪಿನಲ್ಲಿ ಫೋಟೊ ತೆರೆದು ಪ್ರಿಂಟ್ ಒತ್ತಲು ಬೆರಳು ಎತ್ತಿದರು.

ಕರೆಂಟು ಹೋಯಿತು.

ಅತ್ತೆ ಎತ್ತಿದ ಬೆರಳನ್ನು ಇಳಿಸಿ ಒತ್ತಿಯೇಬಿಟ್ಟರು. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಏನಂತೆ ಎಂದು ಕೇಳಿದೆ.

"ಪ್ರಿಂಟರ್ ಬರೋಗಂಟ ಕಾಯ್ತಾ ಇದೀನಿ ಅಂತೈತೆ. ಕಾಯ್ಲಿ. ಕಾಯೋದೇನು ದೊಡ್ದು," ಎಂದು ಅತ್ತೆ ಅಡುಗೆಮನೆಗೆ ಹೋದರು.

ಅಷ್ಟರಲ್ಲಿ ದೊಡ್ಡಮಾವ ಬಂದೇಬಂದರು. ಬೆವರು ಒರೆಸಿಕೊಂಡು ಫ್ಯಾನಿನ ಕೆಳಗೆ ಕೂತು ಮೇಲೆ ನೋಡಿದರು.

"ಏಮಮ್ಮಾ, ಕರೆಂಟು ಲೇದಾ? ನಮ್ಮೂರಾಗೆ ಬಿಸಿಲಿಂದ ಕರೆಂಟು ಮಾಡಿ ದೇಶಕ್ಕೆಲ್ಲ ಕಳಿಸ್ತಾವ್ರೆ. ಇಲ್ಲಿಗೆ ಬರೋ ಹೊತ್ಗೆ ದಾರೀಲೇ ಆರೋಯ್ತದಾ?" ಅಂದರು. ಆಮೇಲೆ, "ಅವ್ನಿದ್ದಿದ್ರೆ ಇಷ್ಟೊತ್ಗೆ ಕಂಬ ಹತ್ತಿರೋನು," ಎಂದರು.

ದೊಡ್ಡಮಾವ ಚೀಲದಿಂದ ಪೇಪರು ಸುತ್ತಿದ ಒಂದು ಫ್ರೇಮು ತೆಗೆದರು. ನನಗೆ ಜೀವ ಬಂದ ಹಾಗಾಯಿತು, ಬಿಚ್ಚಿದ ಮೇಲೆ ಮತ್ತೆ ಹೋಯಿತು. ಪಾವಗಡದ ಯಾವುದೋ ಸ್ಟುಡಿಯೋದಲ್ಲಿ, ಮಾವನ ಹಳೆಯ ಗುರುತಿನ ಚೀಟಿಯ ಚಿತ್ರ ದೊಡ್ಡದು ಮಾಡಿಸಿ ತಂದಿದ್ದರು. ನೀಲಿ ಆಕಾಶ, ಕರಿ ಕೋಟು, ಕೆಂಪು ಟೈ! ಮುಖವನ್ನು ಬೆಳ್ಳಗೆ ಮಾಡಿದ್ದರು. ಮೀಸೆ ಅರ್ಧ ಕರಗಿತ್ತು.

ಅತ್ತೆ ಬಹಳ ಹೊತ್ತು ನೋಡಿ, "ಇವ್ರು ಯಾರು ಭಾವ?" ಅಂದರು.

"ನಿನ್ ಗಂಡ ಕಣಮ್ಮ."

"ಇವ್ರನ್ನ ನೋಡಿದ್ರೆ ಬ್ಯಾಂಕಿನೋರ ತರ ಅವ್ರೆ. ನಾನು ಇವ್ರ ಜೊತೆ ಸಂಸಾರ ಮಾಡ್ಲಿಲ್ಲ."

ನನಗೆ ನಗು ಬಂತು, ಹೆದರಿಕೆಯಲ್ಲಿ ನುಂಗಿಕೊಂಡೆ. ದೊಡ್ಡಮಾವನ ಮುಖ ಬಿಗಿಯಿತು. ಹೊತ್ತು ನೆತ್ತಿಗೆ ಬರುತ್ತಿದೆ, ಎಡೆ ತಡವಾದರೆ ಬಂದ ಹಿರಿಯರು ಹಸಿದು ಹೋಗುತ್ತಾರೆ, ನಿನ್ನ ಮಿಷನ್ನು ಇನ್ನು ಯಾವಾಗ ಏಳುತ್ತದೆ ಎಂದರು. ಅಷ್ಟು ಮಾತಾಡುವ ಅತ್ತೆ, ಆ ಕೋಟಿನವರ ಮುಂದೆ ಬಾಳೆ ಎಲೆ ಹಾಸಿ, ಮಾವನಿಗೆ ಇಷ್ಟವಾದ ಒಬ್ಬಟ್ಟು, ಕಜ್ಜಾಯ, ಅವರೆಕಾಳು ಸಾರು ಒಂದೊಂದೇ ಬಡಿಸಿದರು. ಪಕ್ಕದಲ್ಲಿ ಒಗೆದು ಮಡಿಸಿದ ಖಾಕಿ ಅಂಗಿ ಇಟ್ಟರು. ದೊಡ್ಡಮಾವ ಫ್ರೇಮಿಗೆ ಹಾರ ಹಾಕಿ, ಧೂಪ ಹಾಕಿದರು. ನನಗೆ ಅಳು ಬಂತು. ಇಷ್ಟೆಲ್ಲ ಓಡಾಡಿ ನಾವು ಯಾರಿಗೋ ಊಟ ಬಡಿಸಿದ್ದೆವು.

ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆಳೆದು ಎಲ್ಲರೂ ಆಚೆ ನಿಲ್ಲಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು, ಮಾತಾಡಬಾರದು. ನಾವು ಮೂವರೂ ಜಗುಲಿಯಲ್ಲಿ ನಿಂತೆವು. ದೂರದಲ್ಲಿ ಯಾವುದೋ ಬಸ್ಸಿನ ಹಾರನ್ನು. ಒಳಗೆ ನಿಶ್ಶಬ್ದ.

ಆ ನಿಶ್ಶಬ್ದದಲ್ಲಿ ಗರ್ರ್ ಎಂದು ಯಾರೋ ಗಂಟಲು ಸರಿಮಾಡಿಕೊಂಡರು.

ದೊಡ್ಡಮಾವ ನನ್ನ ಮೊಣಕೈ ಹಿಡಿದುಕೊಂಡರು. ಒಳಗೆ ಟಕ್ ಟಕ್ ಅಂತು. ಆಮೇಲೆ ಉದ್ದಕ್ಕೆ ಸರ್ರ್, ಸರ್ರ್ ಎಂದು ಯಾರೋ ಹೋಗಿ ಬಂದು ಮಾಡುತ್ತಿರುವ ಸದ್ದು. ತಲೆಯೆತ್ತಿದರೆ ಜಗುಲಿಯ ಬಲ್ಬು ಉರಿಯುತ್ತಿತ್ತು. ದೊಡ್ಡಮಾವ ನನ್ನ ಮೊಣಕೈ ಬಿಟ್ಟು ಕೈಮುಗಿದರು.

"ವಚ್ಚಿನಾಡು. ನಮ್ ಹುಡ್ಗ ಬಂದ ಕಣಮ್ಮ. ಬಂದೋನು ಮೊದ್ಲು ಕರೆಂಟು ಹಾಕ್ದ," ಅಂದರು ಮೆಲ್ಲಗೆ.

ಕರೆಂಟು ಬಂತು, ಕಾಯುತ್ತಿದ್ದ ಕಂಪ್ಯೂಟರಿಗೆ ಪ್ರಿಂಟರು ಸಿಕ್ಕಿತು, ಅಷ್ಟೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮೈಮೇಲೆ ಕೂದಲು ನಿಂತಿದ್ದವು. ಮೇಲಾಗಿ ನನ್ನ ಗಾಬರಿ ಬೇರೆಯದು. ಇಂಕು ನಡುವೆ ಮುಗಿದರೆ? ಹಾಳೆ ಓರೆಯಾದರೆ? ಇನ್ನೂ ಒಂದು ಅಕ್ಕಿಕಾಳು ಉಳಿದಿದ್ದರೆ? ಬಾಗಿಲು ತೆಗೆಯುವಂತಿಲ್ಲ, ಇಣುಕುವಂತಿಲ್ಲ. ಅತ್ತೆ ಮಾತ್ರ ಕಣ್ಣು ಮುಚ್ಚಿ, ಒಂದೊಂದು ಸರ್ರ್ ಸದ್ದಿಗೂ ತಲೆ ಆಡಿಸುತ್ತಾ ನಿಂತಿದ್ದರು. ಸದ್ದು ನಿಂತಿತು.

ದೊಡ್ಡಮಾವ ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು. ಹಾಳೆ ಪ್ರಿಂಟರಿನಿಂದ ಜಾರಿ, ಎಡೆಯ ಪಕ್ಕದಲ್ಲಿ ಖಾಕಿ ಅಂಗಿಯ ಮೇಲೆ ಅಂಗಾತ ಬಿದ್ದಿತ್ತು. ಮಾವ ನಗುತ್ತಿದ್ದರು. ತಮ್ಮದಲ್ಲದ ಕುರ್ಚಿಯಲ್ಲಿ ಕೂತವರ ಸಂಕೋಚದ ನಗು. ಒಂದು ಗೆರೆಯೂ ತಪ್ಪಿರಲಿಲ್ಲ. ದೊಡ್ಡಮಾವ ಅದನ್ನು ಎತ್ತಿಕೊಂಡು, "ಇವ್ನೇ, ಇವ್ನೇ ನಮ್ ಹುಡ್ಗ," ಎಂದು ಕಣ್ಣಿನ ಹತ್ತಿರ ತಂದವರು ಅಲ್ಲೇ ನಿಂತರು.

"ಏಮಮ್ಮಾ, ಭುಜದ ಮೇಲೆ ಈ ಚೆಯ್ಯಿ ಯಾರ್ದು?"

ಕತ್ತರಿಸುವಾಗ ಉಳಿದುಹೋಗಿದೆ, ಅತ್ತೆಗೆ ಸರಿಯಾಗಿ ಬರಲ್ಲ, ನಾನು ಈಗಲೇ ಮಧುಗಿರಿಗೆ ಹೋಗಿ ತೆಗೆಸಿಕೊಂಡು ಬರುತ್ತೇನೆ ಎಂದು ಬಡಬಡಿಸಿದೆ.

"ನಂಗೆ ಕತ್ತರ್ಸಕ್ಕೆ ಬತ್ತದೆ ಕಣ್ಲಾ," ಅಂದರು ಅತ್ತೆ. "ನನ್ ಕೈನೇ ಭಾವ. ಸ್ಟುಡಿಯೋದೋನು ಕೋಟು ಹಾಕ್ತೀನಿ ಅಂದ, ಬ್ಯಾಡ ಅಂದೆ, ಸರಿ ಅಂದ. ಕೈ ಅಳಿಸ್ತೀನಿ ಅಂದ. ಬ್ಯಾಡ ಅಂದೆ. ಅಳಿಸ್ದೆ ಇದ್ರೆ ಎಡೆಗೆ ಆಗಲ್ಲ ಮೇಡಂ, ನಂಗೆ ಕೆಟ್ಟೆಸ್ರು ಬತ್ತದೆ ಅಂದ. ಅದಕ್ಕೇ ಪ್ರಿಂಟರ್ ತಗಂಡೆ."

"ಬದುಕಿರೋರ್ದು ಇಡಬಾರದಮ್ಮ. ನಿಂಗೆ ಗೊತ್ತಿಲ್ವಾ?"

"ಗೊತ್ತು ಭಾವ." ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. ಈಗ ಆ ಕೈಯಲ್ಲಿ ಬಳೆ ಇಲ್ಲ, ಒಂದು ವಾಚಿದೆ. "ಮದ್ವೆಯಾದಾಗ್ನಿಂದ ಅವ್ರು ಕಂಬ ಹತ್ತೋರು, ನಾನು ಕೆಳಗೆ ಜೀವ ಹಿಡ್ಕಂಡಿರೋಳು. ಮಳೇಲಿ ಫೋನ್ ಬಂದ್ರೆ ಅವ್ರು ಹೋಗೋರು, ನಾನು ಬಾಗ್ಲಲ್ಲಿ ಕಾಯೋಳು. ಹೋಗ್ಬ್ಯಾಡಿ ಅಂತ ಒಂದಿನಾನೂ ಹಿಡ್ಕಳಕ್ಕೆ ಆಗ್ಲಿಲ್ಲ. ಊರೆಲ್ಲ ಕತ್ಲಾಗಿ ಕುಂತಿರೋದು, ಹೆಂಗೆ ಹಿಡ್ಕಳಾದು? ಅವತ್ತು ಸ್ಟೇಜ್ ಮೇಲೆ ಒಂದೇ ಸಲ ಹಿಡ್ಕಂಡಿದ್ದು ಭಾವ. ಅದನ್ನ ಅಳಿಸ್ಬುಡು ಅಂತ ನಾನು ಹೆಂಗೆ ಹೇಳ್ಲಿ?"

ನಮ್ಮ ವಂಶದ ಗಾಬರಿಯೆಲ್ಲ ನನಗೊಬ್ಬನಿಗೇ ಬಂದಿದೆ ಎಂದು ತಿಳಿದಿದ್ದೆ. ಗಟ್ಟಿಬಾಯಿಯ ಈ ಹೆಂಗಸು ಅಷ್ಟು ವರ್ಷ, ದಿನಾ ಸಂಜೆ ಅದನ್ನೇ ನುಂಗಿಕೊಂಡು ನನಗೆ ಗಣಿತ ಹೇಳಿಕೊಟ್ಟಿದ್ದರು. ನನಗೆ ಅತ್ತೆಯ ಮುಖ ನೋಡಲಾಗಲಿಲ್ಲ.

ದೊಡ್ಡಮಾವ ಎಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಾವೇ ತಂದ ಫ್ರೇಮಿನ ಹಾರ ತೆಗೆದರು. ಹಿಂದಿನ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ, ಕೋಟಿನ ಮಾವನ ಮೇಲೆ ಈ ಮಾವನನ್ನು ಕೂರಿಸಿ, ಮತ್ತೆ ಕೊಕ್ಕೆ ಹಾಕಿದರು. ಇಂಕು ಇನ್ನೂ ಒಣಗಿಲ್ಲ, ಗಾಜಿಗೆ ಅಂಟುತ್ತದೆ ಎಂದು ನನ್ನ ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ತಡೆದುಕೊಂಡೆ. ಅವರು ಫ್ರೇಮನ್ನು ಗೋಡೆಗೆ ಒರಗಿಸಿ ಹಾರ ಹಾಕಿದರು. ಹಾರವನ್ನು ಬೆರಳಿನಿಂದ ಆ ಕಡೆಗೆ ಚೂರು, ಈ ಕಡೆಗೆ ಚೂರು ಸರಿಸಿದರು. ಹಸಿರು ಬಳೆಯ ಕೈ ಪೂರ್ತಿ ಸೇವಂತಿಗೆಯ ಕೆಳಗೆ ಹೋಯಿತು.

"ಇವಾಗ ಹಿರೀಕರ್ಗೆ ಕಾಣಕ್ಕಿಲ್ಲ," ಅಂದರು. "ಅವ್ನಿಗೆ ಗೊತ್ತಿರ್ತೈತೆ. ಸಾಕು ಬುಡಮ್ಮ."

ಅಂದಿನಿಂದ ಮಾವ ನಡುಮನೆಯ ಗೋಡೆಯಲ್ಲಿ ಕೂತಿದ್ದಾರೆ. ಪ್ರಿಂಟರು ಅವರ ಕೆಳಗೇ ಇದೆ. ಕರೆಂಟು ಬಂದಾಗಲೆಲ್ಲ ಗಂಟಲು ಸರಿಮಾಡಿಕೊಳ್ಳುತ್ತದೆ. ಆ ಸದ್ದಿಗೆ ಅತ್ತೆ ಒಳಗೆಲ್ಲಿದ್ದರೂ ಒಮ್ಮೆ ತಲೆಯೆತ್ತುತ್ತಾರೆ. ಮೊನ್ನೆ ಹೋಗಿದ್ದಾಗ ಫೋಟೊದ ಹಾರ ಒಣಗಿ ಒಂದು ಪಕ್ಕಕ್ಕೆ ಸರಿದಿತ್ತು, ಭುಜದ ಮೇಲಿನ ಕೈ ಚೆನ್ನಾಗಿ ಕಾಣುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿದೆ, ತರಲೇ ಅತ್ತೆ ಎಂದು ಕೇಳಿದೆ.

"ಇವತ್ತು ಬ್ಯಾಡ," ಅಂದರು. "ನಾಳೆ ತಂದ್ರಾಯ್ತು ಬುಡು."